ವಾಲ್ಯೂಮ್ ಇರುವುದು ನಿಮ್ಮ ಕೈಯಲ್ಲಿ

ಶಿರೂರಿನಿಂದ ಹೊರಟು ಬೈಂದೂರು, ಕುಂದಾಪುರ, ಸಾಲಿಗ್ರಾಮ ಎಂದು ಬ್ರಹ್ಮಾವರದ ತನಕ ಬನ್ನಿ. ದೊಡ್ಡ ಸದ್ದು ಎಲ್ಲಿದೆಯೋ ಅಲ್ಲಿ ಇಪ್ಪತ್ತು ಇಪ್ಪತ್ತೈದರ ಪ್ರಾಯದವರ ಕೈ ಇದ್ದೇ ಇರುತ್ತದೆ. ಚೌತಿ ಗಣಪತಿಯ ಮೆರವಣಿಗೆಗೆ ಸೌಂಡ್ಸ್‌ನವರಿಗೆ ಮುಂಗಡ ಕೊಡುವವರು ನೀವು. ನಾಸಿಕ್ ಬ್ಯಾಂಡಿನ ಡೋಲನ್ನು ಹೆಗಲಿಗೆ ಹಾಕಿಕೊಳ್ಳುವವರು ನೀವು. ಊರೂರಲ್ಲಿ ಹುಟ್ಟಿಕೊಂಡ ಚಂಡೆ ಬಳಗಗಳಲ್ಲಿ ಸಾಲಾಗಿ ನಿಂತು ಬಾರಿಸುವ ಹೆಣ್ಣುಮಕ್ಕಳೂ ನೀವೇ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಕ್ಕೆ ನಾಲ್ಕು ದಿಕ್ಕಿಗೂ ಹಾರ್ನ್ ಕಟ್ಟಿಸಿ ಬೆಳಗಿನ ಜಾವದವರೆಗೆ ಕಾಮೆಂಟರಿ ಹೇಳುವವರೂ ನೀವೇ. ಗಂಗೊಳ್ಳಿಯ ಬೋಟಿನ ಇಂಜಿನ್, ಕೆಂಪುಕಲ್ಲಿನ ಕೋರೆಯ ಕಟಿಂಗ್ ಮೆಶಿನ್, ಗ್ಯಾರೇಜಿನ ಗ್ರೈಂಡರ್, ತೋಟದಲ್ಲಿ ಹುಲ್ಲು ಹೊಡೆಯುವ ಮೆಶಿನ್, ಇವುಗಳ ಮುಂದೆ ನಿಂತವರ ಮೀಸೆಯೂ ಇನ್ನೂ ಹಣ್ಣಾಗಿಲ್ಲ.

ಅದಕ್ಕೇ ಕಿವಿ ಉಳಿಸುವ ಮಾತನ್ನು ನಿಮ್ಮ ಹತ್ತಿರವೇ ಆಡಬೇಕು. ಊರ ಹಿರಿಯರು ಸದ್ದಿನ ಬಗ್ಗೆ ಗೊಣಗಿದ್ದಾರೆ, ಅರ್ಜಿ ಬರೆದಿದ್ದಾರೆ, ಠಾಣೆಗೆ ಫೋನ್ ಮಾಡಿದ್ದಾರೆ. ಪೊಲೀಸರು ಬಂದಾಗ ಸದ್ದು ಇಳಿಯುತ್ತದೆ, ಜೀಪು ತಿರುಗಿದ ಕೂಡಲೇ ಏರುತ್ತದೆ. ಇಳಿಸಿದ್ದನ್ನು ಇಳಿಸಿಯೇ ಇಡುವ ಅಧಿಕಾರ ಇರುವುದು ಯುವಕ ಮಂಡಲದ ಅಧ್ಯಕ್ಷನಿಗೆ, ಗಣೇಶೋತ್ಸವ ಸಮಿತಿಯ ಕಾರ್ಯದರ್ಶಿಗೆ, ಬೈಕಿನ ಸೈಲೆನ್ಸರ್ ಬದಲಿಸಿಕೊಡುವ ಮೆಕ್ಯಾನಿಕ್‌ಗೆ. ಅವರೆಲ್ಲ ನಿಮ್ಮ ಪ್ರಾಯದವರು. ಎಷ್ಟೋ ಕಡೆ ನೀವೇ.

ಈ ಊರುಗಳು ಕಿವಿಯಿಂದ ಬದುಕಿದ ಊರುಗಳು. ಯಕ್ಷಗಾನದ ಆಟ ಇದೆ ಎಂದು ಹೇಳಲು ಹಿಂದೆ ಬ್ಯಾನರ್ ಇರಲಿಲ್ಲ. ಸಂಜೆ ಹೊತ್ತಿಗೆ ಚಂಡೆಯಲ್ಲಿ ‘ಕೇಳಿ’ ಎಂಬ ಸಾರುವ ಪೆಟ್ಟು ಬಾರಿಸಿದರೆ ಗದ್ದೆ, ತೋಡು ದಾಟಿ ಸುದ್ದಿ ಮುಟ್ಟುತ್ತಿತ್ತು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಅಮೃತೇಶ್ವರಿ ಎಂದು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಮೇಳ ಸಾಕಿದ ಜನ ನಾವು. ಮನೆಯ ಜಗಲಿಯಲ್ಲಿ ಮಲಗಿಕೊಂಡೇ, ದೂರದ ಬಯಲಿನ ಚಂಡೆಯ ಪೆಟ್ಟು ಕೇಳಿ ‘ಬಣ್ಣದ ವೇಷ ಬಂತು’ ಎನ್ನುವ ಅಜ್ಜಂದಿರು ಈಗಲೂ ಇದ್ದಾರೆ. ಅವರ ಕಿವಿ ಎಂಬತ್ತರಲ್ಲೂ ಕೆಲಸ ಮಾಡುತ್ತಿದೆ. ನಿಮ್ಮದು ನಲವತ್ತಕ್ಕೆ ಹೇಗಿರುತ್ತದೆ ಎಂಬುದು ನೀವು ಈಗ, ಈ ವರ್ಷಗಳಲ್ಲಿ ತೀರ್ಮಾನಿಸುವ ವಿಷಯ.

ಕಿವಿಯ ಒಳಗೆ, ಬಸವನಹುಳದ ಚಿಪ್ಪಿನ ಆಕಾರದ ಒಂದು ಪುಟ್ಟ ಅಂಗ ಇದೆ. ಅದರಲ್ಲಿ ಸಾಲಾಗಿ ಕೂತ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಸದ್ದಿನ ಅಲೆಯನ್ನು ನರಕ್ಕೆ ದಾಟಿಸುವುದು ಇವು. ಹೆಚ್ಚು ಸದ್ದು ಹೆಚ್ಚು ಹೊತ್ತು ಬಿದ್ದರೆ ಇವು ಬಾಗುತ್ತವೆ, ಬಳಲುತ್ತವೆ, ಕೊನೆಗೆ ಸಾಯುತ್ತವೆ. ಚಂಡೆಯ ಚರ್ಮ ಸಡಿಲವಾದರೆ ಬಿಗಿಯಬಹುದು, ಹರಿದರೆ ಹೊಸದಾಗಿ ಹೊದಿಸಬಹುದು. ಇವುಗಳಿಗೆ ಆ ಭಾಗ್ಯವಿಲ್ಲ. ಕೋಳಿಯಂಥ ಹಕ್ಕಿಗಳಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ ಎಂಬುದು 1980ರ ದಶಕದ ಕೊನೆಗೆ ಗೊತ್ತಾಯಿತು. ಮನುಷ್ಯರಲ್ಲಿ ಹುಟ್ಟುವುದಿಲ್ಲ. ಹಿತ್ತಿಲ ಕೋಳಿಗೆ ಇರುವ ಅನುಕೂಲ ನಮಗಿಲ್ಲ ಎಂದು ಬೇಸರಪಡಬಹುದು, ಅಷ್ಟೆ.

ಮೆರವಣಿಗೆ ಮುಗಿಸಿ ಮನೆಗೆ ಬಂದು ಮಲಗಿದಾಗ ಕಿವಿಯಲ್ಲಿ ಗುಂಯ್ ಎನ್ನುತ್ತದಲ್ಲ, ಅಮ್ಮ ಕರೆದದ್ದು ಹತ್ತಿ ತುರುಕಿದ ಹಾಗೆ ಮಂಕಾಗಿ ಕೇಳುತ್ತದಲ್ಲ, ಅದೇ ಮೊದಲ ಎಚ್ಚರಿಕೆ. ‘ಬೆಳಿಗ್ಗೆ ಸರಿಯಾಗುತ್ತದೆ ಮಾರಾಯ’ ಎಂದು ಎಲ್ಲರೂ ಹೇಳುತ್ತಾರೆ. ಸರಿಯಾದ ಹಾಗೆ ಕಾಣುತ್ತದೆ ಎಂಬುದೂ ನಿಜ. ಆದರೆ ಅಮೆರಿಕದ ಕುಜಾವಾ ಮತ್ತು ಲಿಬರ್‌ಮನ್ ಎಂಬ ಇಬ್ಬರು ಸಂಶೋಧಕರು 2009ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗ ಬೇರೆಯೇ ಕಥೆ ಹೇಳಿತು. ಜೋರು ಸದ್ದಿನ ನಂತರ ಇಲಿಗಳ ಶ್ರವಣ ಪರೀಕ್ಷೆ ಮೊದಲಿನ ಮಟ್ಟಕ್ಕೆ ಬಂತು, ರೋಮಕೋಶವೂ ಉಳಿದಿತ್ತು. ಆದರೆ ಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ದೊಡ್ಡ ಪ್ರಮಾಣದಲ್ಲಿ ಶಾಶ್ವತವಾಗಿ ಕಡಿದಿದ್ದವು. ಮರುದಿನ ಗುಂಯ್ ನಿಂತ ಮಾತ್ರಕ್ಕೆ ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳಬೇಡಿ.

ಸದ್ದಿನ ಪೆಟ್ಟು ಮೊದಲು ಬೀಳುವುದು ಹೆಚ್ಚಿನ ಕಂಪನದ ಧ್ವನಿಗಳಿಗೆ, ಅದರಲ್ಲೂ 4,000 ಹರ್ಟ್ಸ್ ಆಸುಪಾಸಿಗೆ. ಹೀಗಾಗಿ ಬಸ್ಸಿನ ಗುಡುಗುಡು, ಗಂಡಸರ ದಪ್ಪ ದನಿ ಕೇಳುತ್ತಲೇ ಇರುತ್ತದೆ. ತಾಳದ ಕಿಣಿ, ಗೆಜ್ಜೆಯ ಸಣ್ಣ ಸದ್ದು, ಮಗುವಿನ ಮಾತು, ಪದ್ಯದ ಸಾಹಿತ್ಯದಲ್ಲಿ ಬರುವ ಸಕಾರ ಶಕಾರಗಳು ಮಸುಕಾಗುತ್ತವೆ. ಭಾಗವತ ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ನೀವು ಹುಟ್ಟುವ ಮೊದಲು. ಆದರೂ ಅವರ ಪದ್ಯವನ್ನು ಮೊಬೈಲಿನಲ್ಲಿ ಹುಡುಕಿ ಕೇಳುತ್ತೀರಿ. ಆ ಕಂಠದ ಏರಿಳಿತ ಕೇಳಿಸಿ, ಶಬ್ದ ಮಾತ್ರ ತಿಳಿಯದೆ ಹೋದರೆ ಹೇಗೆ? ತಾಳಮದ್ದಳೆಯಲ್ಲಿ ಅರ್ಥಧಾರಿ ಒಂದು ಅಕ್ಷರ ಬದಲಿಸಿ ಎದುರಾಳಿಯನ್ನು ಕಟ್ಟಿಹಾಕಿದಾಗ ಸಭೆ ನಗುತ್ತದೆ, ನೀವು ಪಕ್ಕದವರ ಮುಖ ನೋಡುತ್ತೀರಿ. ಈ ನಷ್ಟ ಶುರುವಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಮನೆಯವರು ‘ಹ್ವಾಯ್, ಕೆಮಿ ಕೇಣ್ತಿಲ್ಯಾ?’ ಎಂದು ತಮಾಷೆ ಮಾಡಲು ಶುರು ಮಾಡಿರುತ್ತಾರೆ.

ಲೆಕ್ಕ ಕಷ್ಟದ್ದಲ್ಲ, ಪಿಯುಸಿ ವಿಜ್ಞಾನದ್ದು. ಡೆಸಿಬಲ್ ಸಾಮಾನ್ಯ ಅಳತೆಯಂತೆ ಕೂಡುತ್ತಾ ಹೋಗುವುದಿಲ್ಲ. 3 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟು. ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ನಿಯೋಷ್ ಹಾಕಿಕೊಟ್ಟ ಮಿತಿಯಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 88ಕ್ಕೆ 4 ಗಂಟೆ. 91ಕ್ಕೆ 2. 100ಕ್ಕೆ ಬಂದರೆ 15 ನಿಮಿಷ ಮಾತ್ರ. 115ಕ್ಕೆ 28 ಸೆಕೆಂಡ್. ಡಿಜೆ ಬಾಕ್ಸಿನ ಎದುರು ಒಂದು ಮೀಟರ್ ದೂರದಲ್ಲಿ 115 ಇದೆ ಎಂದಿಟ್ಟುಕೊಳ್ಳಿ. ಅಲ್ಲಿ ಕುಣಿಯುವವನ ಆ ದಿನದ ಪಾಲು ಹಾಡಿನ ಪಲ್ಲವಿ ಬರುವ ಮೊದಲೇ ಮುಗಿಯಿತು.

ಇದೇ ಲೆಕ್ಕ ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 115 ಇದ್ದದ್ದು ಎರಡಕ್ಕೆ 109, ನಾಲ್ಕಕ್ಕೆ 103, ಎಂಟಕ್ಕೆ 97, ಹದಿನಾರಕ್ಕೆ 91. ಲಾರಿಯ ಮೇಲೆ ಗೋಡೆಯ ಹಾಗೆ ಬಾಕ್ಸ್ ಪೇರಿಸಿದರೆ ಇಳಿತ ಇಷ್ಟು ಬೇಗ ಆಗುವುದಿಲ್ಲ, ಆದರೂ ಇಳಿಯುತ್ತದೆ. ಬಯಲಿನ ಲೆಕ್ಕದಲ್ಲಿ 28 ಸೆಕೆಂಡಿನಿಂದ ಎರಡು ಗಂಟೆಗೆ ಹೋಗಲು ಹದಿನೈದು ಮೀಟರ್ ಹಿಂದೆ ಸರಿದರೆ ಸಾಕು. ಅಳೆಯುವ ಮೀಟರ್ ಇಲ್ಲದಿದ್ದರೆ ಒಂದು ಪರೀಕ್ಷೆ ಇದೆ. ಕೈಯಳತೆಯ ದೂರದಲ್ಲಿ ನಿಂತ ಗೆಳೆಯನಿಗೆ ಮಾತು ಕೇಳಿಸಲು ಕೂಗಬೇಕಾಗಿ ಬಂದರೆ ನೀವು 85 ದಾಟಿದ್ದೀರಿ. ಮೊಬೈಲಿನ ಆ್ಯಪ್‌ಗಳೂ ಅಂದಾಜು ಹೇಳುತ್ತವೆ. ಕೋರ್ಟಿಗೆ ಸಾಕ್ಷಿ ಆಗಲಾರವು, ಕಮಿಟಿ ಮೀಟಿಂಗಿಗೆ ಧಾರಾಳ ಆಗುತ್ತವೆ.

ಕೆಲಸದ ಸದ್ದಿನ ವಿಷಯ ಇನ್ನೂ ಗಂಭೀರ. ಮೆರವಣಿಗೆ ವರ್ಷಕ್ಕೆ ನಾಲ್ಕು ದಿನ, ಕೆಲಸ ದಿನಾ. ಟ್ರಾಲ್ ಬೋಟಿಗೆ ಹೋಗುವ ಹುಡುಗರು ದಿನಗಟ್ಟಲೆ ಡೀಸೆಲ್ ಇಂಜಿನ್ನಿನ ಮೇಲೆಯೇ ಉಂಡು, ಅದರ ಮೇಲೆಯೇ ಮಲಗಿ ಬರುತ್ತಾರೆ. ನಾಡದೋಣಿಯಲ್ಲಿ ಔಟ್‌ಬೋರ್ಡ್ ಇಂಜಿನ್ ಹಿಡಿದವನ ಒಂದು ಕಿವಿ ಸದಾ ಅದರ ಕಡೆಗೆ. ಕೆಂಪುಕಲ್ಲಿನ ಕೋರೆಯಲ್ಲಿ ಬ್ಲೇಡು ಕಲ್ಲಿಗೆ ತಾಗಿದರೆ ಎದುರಿನ ಗುಡ್ಡವೇ ಕಿರುಚುತ್ತದೆ. ಗ್ರೈಂಡರ್, ಹುಲ್ಲಿನ ಮೆಶಿನ್ ಎರಡೂ ಕಿವಿಯ ಹತ್ತಿರ 95–100ರ ಆಸುಪಾಸಿನವು. ಮರ ಕೊಯ್ಯುವ ಚೈನ್ ಗರಗಸ ಅದಕ್ಕಿಂತ ಮೇಲೆ. ಬೆಂಗಳೂರು, ಮುಂಬೈಯ ಹೋಟೆಲುಗಳಿಗೆ ಹೋದ ನಮ್ಮ ಹುಡುಗರ ಅಡುಗೆಮನೆಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಲ್ಲೂ ಎಕ್ಸಾಸ್ಟ್ ಫ್ಯಾನು, ಮಿಕ್ಸಿ, ಸ್ಟೀಲ್ ಪಾತ್ರೆಗಳ ನಡುವೆ ದಿನಕ್ಕೆ ಹತ್ತು ಗಂಟೆ ನಿಲ್ಲಬೇಕು.

ಸದ್ದಿನಿಂದ ಬರುವ ಕಿವುಡುತನ ಔದ್ಯೋಗಿಕ ಕಾಯಿಲೆ ಎಂಬುದು ಸರಕಾರಕ್ಕೆ ಹಿಂದೆಯೇ ಗೊತ್ತಿತ್ತು. ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿನಲ್ಲಿ ಅದನ್ನು ಇಟ್ಟಿತ್ತು. ಆದರೆ ದೋಣಿಗೆ, ತೋಟಕ್ಕೆ, ಒಬ್ಬನೇ ನಡೆಸುವ ವೆಲ್ಡಿಂಗ್ ಶಾಪಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ನಿಮ್ಮ ಕಿವಿಗೆ ಇನ್‌ಸ್ಪೆಕ್ಟರ್ ನೀವೇ. ಫೋಮಿನ ಇಯರ್‌ಪ್ಲಗ್‌ಗೆ ಹೆಚ್ಚು ದುಡ್ಡು ಬೇಡ, ಮೆಡಿಕಲ್ ಶಾಪಿನಲ್ಲಿ ಕೇಳಿ ಅಥವಾ ಆನ್‌ಲೈನ್‌ನಲ್ಲಿ ತರಿಸಿ. ಅದನ್ನು ಸುಮ್ಮನೆ ಕಿವಿಯ ಬಾಗಿಲಲ್ಲಿ ಸಿಕ್ಕಿಸಿಕೊಂಡರೆ ಏನೂ ಆಗದು. ಬೆರಳಲ್ಲಿ ಹೊಸೆದು ಸಪೂರ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗೆ ತಳ್ಳಿ, ಅದು ಅರಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ಇಪ್ಪತ್ತು ಡೆಸಿಬಲ್‌ವರೆಗೂ ಇಳಿಯುತ್ತದೆ. ಕೈ ಧೂಳು, ಎಣ್ಣೆ ಆಗುವ ಕೋರೆ ಮತ್ತು ಗ್ಯಾರೇಜಿನಲ್ಲಿ ಮೇಲಿಂದ ಮುಚ್ಚುವ ಇಯರ್‌ಮಫ್ ಒಳ್ಳೆಯದು. ಕೊಳಕು ಬೆರಳು ಕಿವಿಗೆ ಹೋದರೆ ಸೋಂಕು ಬರುತ್ತದೆ. ಹತ್ತಿಯ ಉಂಡೆ ಮನಸ್ಸಿನ ಸಮಾಧಾನಕ್ಕೆ ಮಾತ್ರ. ‘ಕಿವಿ ಮುಚ್ಚಿಕೊಂಡರೆ ಹೆಣ್ಣಿಗ’ ಎಂದು ನಗುವ ಹಿರಿಯ ಕೆಲಸಗಾರ ಎಲ್ಲ ಕಡೆ ಒಬ್ಬ ಇರುತ್ತಾನೆ. ಅವನ ಹತ್ತಿರ ಸ್ವಲ್ಪ ಮೆಲ್ಲಗೆ ಮಾತಾಡಿ ನೋಡಿ, ಅವನಿಗೆ ಎಷ್ಟು ಕೇಳಿಸುತ್ತದೆ ಎಂದು.

ಇಯರ್‌ಫೋನಿನ ಬಗ್ಗೆ ನಿಮಗೆ ಸಾಕಷ್ಟು ಬೋಧನೆ ಆಗಿದೆ, ನಾನು ಉದ್ದ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 12ರಿಂದ 35 ವರ್ಷದ ನೂರು ಕೋಟಿಗೂ ಹೆಚ್ಚು ಜನ ಈ ಅಪಾಯದ ಅಂಚಿನಲ್ಲಿದ್ದಾರೆ. ಅದು ಕೊಟ್ಟ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ನಮ್ಮ ಕಡೆಯ ತೊಂದರೆ ಏನೆಂದರೆ, ಕೇಳುವುದು ಬಸ್ಸಿನಲ್ಲಿ. ಹೆದ್ದಾರಿಯಲ್ಲಿ ಕಿಟಕಿ ತೆಗೆದ ಎಕ್ಸ್‌ಪ್ರೆಸ್ ಬಸ್ಸಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತೀರಿ, ಇಳಿದ ಮೇಲೂ ಅದು ಅಲ್ಲೇ ಇರುತ್ತದೆ. ಮನೆಯ ಮೌನದಲ್ಲಿ ವಾಲ್ಯೂಮ್ ಹದ ಮಾಡಿಕೊಂಡು, ಬಸ್ಸಿನಲ್ಲಿ ಅದಕ್ಕಿಂತ ಮೇಲೆ ಹೋಗಬೇಡಿ. ಕೇಳದಿದ್ದರೆ ಬಿಡಿ, ಮರವಂತೆಯಲ್ಲಿ ಒಂದು ಬದಿಗೆ ಕಡಲು, ಒಂದು ಬದಿಗೆ ಸೌಪರ್ಣಿಕಾ ಇದೆ, ನೋಡಿ. ಕೊಂಕಣ ರೈಲಿನ ಹಳಿಯ ಬದಿಯಲ್ಲಿ ನಡೆಯುವಾಗಲಂತೂ ಎರಡೂ ಕಿವಿ ಖಾಲಿ ಇರಲಿ.

ಸೈಲೆನ್ಸರ್ ಕಿತ್ತು ಪಟಪಟ ಎನ್ನಿಸುವ ಬೈಕಿನವರಿಗೆ ಎರಡೇ ಮಾತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194-ಎಫ್ ಕಲಂ ಪ್ರಕಾರ ಹೊಗೆಯನ್ನು ಸೈಲೆನ್ಸರ್ ತಪ್ಪಿಸಿ ಬಿಟ್ಟರೆ, ಕಾರಣವಿಲ್ಲದೆ ಹಾರ್ನ್ ಒತ್ತಿದರೆ ಮೊದಲ ಸಲ 1,000 ರೂಪಾಯಿ, ಆಮೇಲೆ 2,000. ಮತ್ತೆ, ಆ ಸದ್ದು ಎಲ್ಲರಿಗಿಂತ ಹೆಚ್ಚು ಹೊತ್ತು ಕೇಳುವುದು ಬೈಕಿನ ಮೇಲೆ ಕೂತವನಿಗೇ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ನಿಂತು ನೋಡಿದವರು ಹತ್ತು ಸೆಕೆಂಡಿನಲ್ಲಿ ಮರೆಯುತ್ತಾರೆ. ಬಸ್ಸಿನ ಕರ್ಕಶ ಹಾರ್ನಿನ ವಿಷಯ ಬೇರೆ, ಅದಕ್ಕೆ ಮಾಲೀಕರೂ ಆರ್‌ಟಿಓ ಅವರೂ ಉತ್ತರ ಹೇಳಬೇಕು. ಆದರೆ ಆ ಸೀಟಿನಲ್ಲೂ ಎಷ್ಟೋ ಸಲ ನಿಮ್ಮ ಗೆಳೆಯನೇ ಇರುತ್ತಾನೆ. ಚಾ ಕುಡಿಯುವಾಗ ಹೇಳಿ.

ಈಗ ಹಬ್ಬಕ್ಕೆ ಬರೋಣ. ಇಲ್ಲಿ ನನ್ನದೊಂದು ಅಭಿಪ್ರಾಯ ಇದೆ, ನೀವು ಒಪ್ಪದಿರಬಹುದು. ಅದಕ್ಕೂ ಮೊದಲು ಕಾನೂನು ಏನೆನ್ನುತ್ತದೆ ನೋಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರನ್ನು ಸರಕಾರ ಮೌನ ವಲಯ ಎಂದು ಘೋಷಿಸಬಹುದು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರಕಾರ ಸಡಿಲಿಸಬಹುದು. ಮಾತಾಡುವ ಹಕ್ಕು ಇದೆ ಎಂದ ಮಾತ್ರಕ್ಕೆ ಒಲ್ಲದವರ ಕಿವಿಗೆ ಮೈಕಿನಲ್ಲಿ ತುರುಕುವ ಹಕ್ಕು ಯಾರಿಗೂ ಇಲ್ಲ ಎಂಬರ್ಥದಲ್ಲಿ ಸುಪ್ರೀಂ ಕೋರ್ಟ್ 2005ರ ಜುಲೈಯಲ್ಲಿ ತೀರ್ಪು ಕೊಟ್ಟಿದೆ. 2022ರಲ್ಲಿ ರಾಜ್ಯದಲ್ಲಿ ಈ ನಿಯಮ ಬಿಗಿಯಾದಾಗ ರಾತ್ರಿಯಿಡೀ ಆಡುತ್ತಿದ್ದ ಕಟೀಲಿನ ಮೇಳಗಳೂ ಕಾಲಮಿತಿಗೆ ಇಳಿದವು, ಕರಾವಳಿ ಉದ್ದಕ್ಕೂ ವಾದ ಎದ್ದಿತು.

ಆಟವನ್ನೂ ಡಿಜೆಯನ್ನೂ ಒಂದೇ ಗೋಣಿಯಲ್ಲಿ ತುಂಬುವುದು ತಪ್ಪು ಎಂದು ನಾನು ನಂಬಿದ್ದೇನೆ. ಬಯಲಾಟಕ್ಕೆ ಇರುಳು ಬೇಕು. ಆದರೆ ಮೈಕು ಬರುವ ಮೊದಲೂ ಆಟ ನಡೆದಿತ್ತು, ಭಾಗವತರು ಬರಿಗಂಟಲಲ್ಲಿ ಬಯಲು ತುಂಬಿಸಿದ್ದರು ಎಂಬುದನ್ನು ಮರೆಯಬಾರದು. ಬಯಲಿನಲ್ಲಿ ಕೂತ ಐನೂರು ಜನಕ್ಕೆ ಕೇಳಬೇಕಾದ ಪದ್ಯಕ್ಕೆ ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ ಮೂರು ಗ್ರಾಮಕ್ಕೆ ಬಿತ್ತರಿಸುವ ಅಗತ್ಯ ಏನು? ಬಾಕ್ಸನ್ನು ಪ್ರೇಕ್ಷಕರ ಕಡೆಗೆ, ಕೆಳಮುಖವಾಗಿ ಇಟ್ಟರೆ ಪದ್ಯವೂ ಚೆಂದ ಕೇಳುತ್ತದೆ, ಆಟದ ಮೇಲೆ ಬರುವ ಆಕ್ಷೇಪವೂ ಅರ್ಧ ಕಡಿಮೆಯಾಗುತ್ತದೆ. ಆಟ ಉಳಿಯಬೇಕು ಎನ್ನುವವರೇ ಈ ಕೆಲಸಕ್ಕೆ ಮೊದಲು ಕೈ ಹಾಕಬೇಕು. ಇನ್ನು, ಎದೆಗೂಡು ನಡುಗಿಸುವ ಡಿಜೆಗೆ ಈ ನೆಲದ ಸಂಪ್ರದಾಯದ ಹೆಸರು ಹೇಳುವುದು ನನಗೆ ನುಂಗಲಾಗದ ಮಾತು. ಕುಡುಬಿಯವರ ಹೋಳಿ ಕುಣಿತದ ಗುಮ್ಟೆ ಇದೆ, ಹುಲಿವೇಷದ ತಾಸೆ ಇದೆ, ಚಂಡೆ ಇದೆ. ಯಾವುದಕ್ಕೂ ಜನರೇಟರ್ ಬೇಡ.

ಹಾಗೆಂದು ಚರ್ಮವಾದ್ಯ ಮೆತ್ತಗಿನದಲ್ಲ. ಚಂಡೆ, ತಾಸೆ ಬಾರಿಸುವ ಮಕ್ಕಳೇ, ನಿಮ್ಮ ಕಿವಿ ಎಲ್ಲರಿಗಿಂತ ಹತ್ತಿರ ಇರುವುದು. ಹತ್ತು ಚಂಡೆ ಒಟ್ಟಿಗೆ ಮುಚ್ಚಿದ ಹಾಲಿನಲ್ಲಿ ಅಭ್ಯಾಸ ಮಾಡಿದರೆ ಗೋಡೆ, ತಗಡು ಎಲ್ಲ ಸದ್ದನ್ನು ವಾಪಸ್ಸು ಎಸೆಯುತ್ತವೆ. ಅಂಗಳಕ್ಕೆ ಬನ್ನಿ. ಅಭ್ಯಾಸದಲ್ಲಿ ಪ್ಲಗ್ ಹಾಕಿಕೊಳ್ಳಿ. ನಾದದ ಬಣ್ಣ ಕೆಡಿಸದೆ ಎಲ್ಲ ಸ್ವರವನ್ನೂ ಸಮನಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳು ಈಗ ಸಿಗುತ್ತವೆ. ಮೆರವಣಿಗೆಯಲ್ಲಿ ಪುಟ್ಟ ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ಬಾಕ್ಸಿನ ಮಟ್ಟಕ್ಕೆ ಎತ್ತಿ ಹಿಡಿಯುವ ಮಾವಂದಿರನ್ನು ಕಂಡರೆ ಕೈ ಹಿಡಿದು ಹಿಂದಕ್ಕೆ ಕರೆದೊಯ್ಯಿರಿ. ಗರ್ನಾಲು ಸಿಡಿಸುವವರಿಗೂ, ಮಂಗ ಓಡಿಸಲು ಪೈಪಿನ ಕೋವಿ ಹಾರಿಸುವವರಿಗೂ ಇನ್ನೊಂದು ಎಚ್ಚರಿಕೆ: ಇಲ್ಲಿ ಗಂಟೆಯ ಲೆಕ್ಕ ಇಲ್ಲ, ಹತ್ತಿರದ ಒಂದೇ ಸಿಡಿತ ಸಾಕು. ಸ್ಫೋಟದ ನಂತರ ಕಿವಿ ಕೇಳದಾದರೆ, ಗುಂಯ್ ನಿಲ್ಲದಿದ್ದರೆ ‘ನಾಳೆ ನೋಡುವ’ ಎನ್ನದೆ ಅದೇ ದಿನ ಕಿವಿ ಮೂಗು ಗಂಟಲಿನ ವೈದ್ಯರ ಹತ್ತಿರ ಹೋಗಿ. ಬೇಗ ಹೋದವರಿಗೆ ಔಷಧಿಯಿಂದ ಉಪಯೋಗವಾಗುವ ಸಾಧ್ಯತೆ ಹೆಚ್ಚು.

ಹೊಟ್ಟೆಪಾಡಿನ ಲೆಕ್ಕದಲ್ಲಿ ಹೇಳಿದರೆ ಇನ್ನೂ ಬೇಗ ನಾಟೀತು. ಸೇನೆಯ ಅಧಿಕಾರಿ ಆಯ್ಕೆಯ ವೈದ್ಯಕೀಯದಲ್ಲಿ ಬೆನ್ನು ಹಾಕಿ ನಿಲ್ಲಿಸಿ, 610 ಸೆಂಟಿಮೀಟರ್ ದೂರದಿಂದ ಪಿಸುಮಾತು ಕೇಳುತ್ತದೆಯೇ ಎಂದು ಒಂದೊಂದೇ ಕಿವಿ ನೋಡುತ್ತಾರೆ. ಹಡಗಿಗೆ ಹೋಗುವವರ ವೈದ್ಯಕೀಯದಲ್ಲಿ ಆಡಿಯೊಮೆಟ್ರಿ ಇದೆ. ಬೆಳಿಗ್ಗೆ ಐದಕ್ಕೆ ಕುಂದಾಪುರದ ಗಾಂಧಿ ಮೈದಾನದಲ್ಲಿ ಓಡಿ ಎದೆ, ತೊಡೆ ಗಟ್ಟಿ ಮಾಡುವವರು ರಾತ್ರಿ ಬಾಕ್ಸಿನ ಎದುರು ಕಿವಿ ಕಳೆದುಕೊಳ್ಳುವುದು ಎಂಥ ಲೆಕ್ಕ? ಕೇಳುವಿಕೆಯ ಪರೀಕ್ಷೆಗೆ ಮಣಿಪಾಲ ದೂರವಿಲ್ಲ, ಅಲ್ಲಿ ವಾಕ್ ಶ್ರವಣದ ವಿಭಾಗವೇ ಇದೆ. ಮೈಸೂರಿನಲ್ಲಿ 1966ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಈ ವಿದ್ಯೆಯ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದ್ದೂ ನಮ್ಮಲ್ಲಿ ಹೆಚ್ಚಿನವರು ಕಿವಿ ಪರೀಕ್ಷೆ ಮಾಡಿಸುವುದು ಅಜ್ಜನಾದ ಮೇಲೆ. ಮಾರ್ಚ್ 3 ವಿಶ್ವ ಶ್ರವಣ ದಿನ. ರಕ್ತದಾನ ಶಿಬಿರ ನಡೆಸಿ ಪಳಗಿದ ಮಂಡಲಗಳು ನಮ್ಮಲ್ಲಿ ಎಷ್ಟೋ ಇವೆ; ಅದೇ ಶಾಮಿಯಾನದಲ್ಲಿ ಬೋಟಿನವರನ್ನು, ಕೋರೆಯವರನ್ನು, ಚಂಡೆಯವರನ್ನು ಕೂರಿಸಿ ಕಿವಿ ಪರೀಕ್ಷೆ ಮಾಡಿಸಲು ಅಡ್ಡಿ ಏನು?

ಮೊದಲ ಕೆಲಸ ಮಾತ್ರ ಮಾರ್ಚ್ ತನಕ ಕಾಯುವುದು ಬೇಡ. ನಿಮ್ಮ ಸಮಿತಿಯ ಮುಂದಿನ ಮೀಟಿಂಗಿನಲ್ಲಿ ಸೌಂಡ್ಸ್ ವಿಷಯ ಬಂದಾಗ ಎದ್ದು ನಿಂತು ಮೂರು ಷರತ್ತು ಹೇಳಿ. ಬಾಕ್ಸಿಗೂ ಜನಕ್ಕೂ ನಡುವೆ ಹಗ್ಗ ಕಟ್ಟಿ ಜಾಗ ಬಿಡಬೇಕು. ಆಸ್ಪತ್ರೆ, ಶಾಲೆ ಬಂದಾಗ ಬಂದ್ ಮಾಡಿ ಸಾಗಬೇಕು. ಹತ್ತು ಗಂಟೆಗೆ ವಯರ್ ಕಿತ್ತಿಡಬೇಕು. ಮುಂಗಡದ ರಸೀದಿಯ ಹಿಂಬದಿಯಲ್ಲಿ ಇದನ್ನು ಬರೆಸಿ, ಸೌಂಡ್ಸ್‌ನವರ ಸಹಿ ಹಾಕಿಸಿ. ಯಾರಾದರೂ ನಕ್ಕರೆ ನಗಲಿ. ಪಕ್ಕದ ಊರಿನ ಮಂಡಲಕ್ಕೆ ಆ ರಸೀದಿಯ ಫೋಟೋ ಕಳಿಸಿ, ಅವರದ್ದೂ ಕೇಳಿ.